ಮೋಟಾರಿನ ಚಾತುರ್ಮಾಸ್ಯ

1957ನೆಯ ಇಸವಿ ಜೂನ್ 15ರಂದು ಅಮೆರಿಕದ ಓಕ್ಲಹೋಮ ಸಂಸ್ಥಾನದ ಟಲ್ಸಾ ನಗರದವರು ಹೊಚ್ಚ ಹೊಸ ಕಾರೊಂದನ್ನು ನೆಲದಲ್ಲಿ ಹೂಳಿದರು. ಕೆಟ್ಟುಹೋಯಿತೆಂದು ಹೂಳಿದ್ದಲ್ಲ, ಕೆಡದಿರಲೆಂದು ಹೂಳಿದ್ದು. ಓಕ್ಲಹೋಮ ಅಮೆರಿಕದ ಒಕ್ಕೂಟಕ್ಕೆ ಸೇರಿ 50 ವರ್ಷ ತುಂಬಿದ ಉತ್ಸವ ಅದು. ಶತಮಾನೋತ್ಸವದ ದಿನ ಅದನ್ನು ಮೇಲಕ್ಕೆತ್ತಿ ಓಡಿಸಬೇಕೆಂಬುದು ಊರಿನವರ ಸಂಕಲ್ಪ. ಹೊಂಬಣ್ಣಕ್ಕೆ ಬಿಳಿ ಬೆರೆಸಿದ ಪ್ಲಿಮತ್ ಬೆಲ್ವಿಡಿಯರ್ ಕಾರು. ಅದಕ್ಕೆ ತುಕ್ಕು ತಡೆಯುವ ಜಿಡ್ಡು ಬಳಿದು, ಹೊದಿಕೆ ಸುತ್ತಿ, ನ್ಯಾಯಾಲಯದ ಮುಂದಿನ ಹುಲ್ಲುಹಾಸಿನ ಕೆಳಗೆ ಕಟ್ಟಿದ್ದ ಕಾಂಕ್ರೀಟಿನ ಗುಹೆಗೆ ಇಳಿಸಿದರು. ಅಣುಬಾಂಬಿಗೂ ಜಗ್ಗದ ಗುಹೆಯೆಂದು ಆಗಿನವರ ಹೆಮ್ಮೆ. 2007ರ ಹೊತ್ತಿಗೆ ಪೆಟ್ರೋಲೇ ಬಳಕೆ ತಪ್ಪಿಹೋಗಿದ್ದರೆ ಎಂಬ ಮುಂದಾಲೋಚನೆಯಿಂದ ಅದನ್ನೂ ಡಬ್ಬಿಯಲ್ಲಿ ತುಂಬಿ ಜೊತೆಗಿಟ್ಟರು. 2007ರಲ್ಲಿ ಊರಿನ ಜನಸಂಖ್ಯೆ ಎಷ್ಟಿರುತ್ತದೆಂದು ಸರಿಸುಮಾರಾಗಿ ಹೇಳಿದವರಿಗೆ ಕಾರು ಬಹುಮಾನವೆಂದು ಸಾರಿ, ಬಂದ ಊಹೆಗಳನ್ನು ಕಾರಿನೊಂದಿಗೇ ಕಾಪಿಟ್ಟರು.

ಐವತ್ತು ವರ್ಷದ ಮೇಲೆ ಮುಚ್ಚಳ ತೆಗೆದರೆ ಗುಹೆಯೊಳಗೆ ನೀರು. ಪಂಪು ಹಚ್ಚಿ ನೀರನ್ನು ಹೊರಹಾಕಿ, ಕಾರನ್ನು ಎತ್ತಿ, ಸಾವಿರಾರು ಜನ ಕೂಡಿದ ಸಭಾಂಗಣದಲ್ಲಿ ಹೊದಿಕೆ ಬಿಚ್ಚಿದರು. ಹೊಂಬಣ್ಣವೂ ಇಲ್ಲ, ಬಿಳಿಯೂ ಇಲ್ಲ. ಇಡೀ ಕಾರು ಕೆಮ್ಮಣ್ಣಿನಲ್ಲಿ ಮಾಡಿದ ಬೊಂಬೆಯಂತಿತ್ತು. ಎಂಜಿನ್ನು ಹಿಡಿದುಕೊಂಡಿತ್ತು, ಗಾದಿಗಳು ಕೊಳೆತುಹೋಗಿದ್ದವು. ಜನಸಂಖ್ಯೆಯನ್ನು ಸರಿಯಾಗಿ ಊಹಿಸಿದ್ದ ಪುಣ್ಯಾತ್ಮ ಎಷ್ಟೋ ವರ್ಷಗಳ ಹಿಂದೆಯೇ ತೀರಿಕೊಂಡಿದ್ದ. ಬಹುಮಾನ ಅವನ ಸೋದರಿಯರ ಪಾಲಿಗೆ ಬಂತು. ಅದನ್ನು ಬಹುಮಾನವೆನ್ನುವುದಾದರೆ. ವರ್ಷಗಟ್ಟಲೆ ತುಕ್ಕು ತೊಳೆದ ಮೇಲೆ 2017ರಲ್ಲಿ ಅದು ಇಲಿನಾಯ್ ಸಂಸ್ಥಾನದ ಒಂದು ಖಾಸಗಿ ವಸ್ತುಸಂಗ್ರಹಾಲಯ ಸೇರಿತು. ಓಡಿದ ಕಾರಾಗಿ ಅಲ್ಲ, ಹೂತ ಕಾರಾಗಿ.

ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ನಮ್ಮ ಬಯಲುಸೀಮೆಯ ಹಗೇವು. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಳ ಮೇಲೂ ಕಾಳು ಕೆಡುತ್ತಿರಲಿಲ್ಲ. ಟಲ್ಸಾದವರು ಮಾಡಿದ್ದೂ ಒಂದು ಹಗೇವೇ ಅಲ್ಲವೆ? ಆದರೆ ವ್ಯತ್ಯಾಸ ದೊಡ್ಡದು. ನಮ್ಮ ರೈತ ಹಗೇವು ತೋಡಲು ನೀರು ನಿಲ್ಲದ, ಎತ್ತರದ, ಗಟ್ಟಿ ನೆಲವನ್ನು ಹುಡುಕುತ್ತಿದ್ದ. ಉತ್ಸವದ ಅಂಗಳ ಯಾವುದೆಂದು ನೋಡುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಕಾಳಿಗೆ ಉಸಿರುಂಟು. ಮುಚ್ಚಿದ ಹಗೇವಿನಲ್ಲಿ ಅದು ಆಮ್ಲಜನಕವನ್ನು ತಾನೇ ಉಸಿರಾಡಿ ಮುಗಿಸಿ, ಹುಳುವಿಗೆ ಬದುಕಲು ಗಾಳಿಯುಳಿಯದಂತೆ ಮಾಡುತ್ತದೆ. ಹೊಸದಾಗಿ ತೆರೆದ ಹಗೇವಿಗೆ ಥಟ್ಟನೆ ಇಳಿದವರು ಪ್ರಾಣ ಕಳೆದುಕೊಳ್ಳುತ್ತಿದ್ದುದೂ ಈ ಕಾರಣದಿಂದಲೇ. ಕಾರಿನ ತಗಡಿಗೆ ಅಂಥ ಉಸಿರಿಲ್ಲ. ಅದನ್ನು ಮುಚ್ಚಿಟ್ಟರೆ ತೇವವನ್ನೂ ಅದರೊಡನೆ ಮುಚ್ಚಿಟ್ಟ ಹಾಗೆ.

ಈ ವಿಷಯ ನನ್ನ ತಲೆ ಹೊಕ್ಕಿದ್ದಕ್ಕೆ ಕಾರಣವೂ ಉಂಟು. ನಮ್ಮ ತಂದೆಯವರು 1966ರಲ್ಲಿ ಕೊಂಡ ಫಿಯಟ್ 1100 ಈಗಲೂ ನಮ್ಮ ಮನೆಯಲ್ಲಿದೆ. ಈ ಮಳೆಗಾಲದಲ್ಲಿ ಮನೆಯ ಮುಂಭಾಗವನ್ನು ಕೆಡವಿ ಕಟ್ಟಿಸುವ ಕೆಲಸ. ಕಾರಿನ ಷೆಡ್ಡೂ ಅದರೊಡನೆ ಹೋಗುತ್ತದೆ. ಜೂನ್ ತಿಂಗಳಿಂದ ನಾಲ್ಕು ತಿಂಗಳು ಕಾರು ಬೇರೆಲ್ಲಾದರೂ ಇರಬೇಕು. ಸನ್ಯಾಸಿಗಳು ಮಳೆಗಾಲದಲ್ಲಿ ಸಂಚಾರ ನಿಲ್ಲಿಸಿ ಒಂದೆಡೆ ಚಾತುರ್ಮಾಸ್ಯಕ್ಕೆ ಕೂಡುವಂತೆ ನಮ್ಮ ಫಿಯಟ್ಟಿಗೂ ಒಂದು ಮಠ ಬೇಕಾಯಿತು. ಕರೆ ಬಂದದ್ದು ನಾಲ್ಕು ಕಡೆಯಿಂದ. ತೀರ್ಥಹಳ್ಳಿಯ ಹತ್ತಿರವಿರುವ ನಮ್ಮ ಭಾವನವರು ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ ಜಾಗವಿದೆಯೆಂದರು. ಬೆಂಗಳೂರಿನ ಸ್ನೇಹಿತರೊಬ್ಬರು ತಮ್ಮ ಬಹುಮಹಡಿ ವಸತಿಯ ನೆಲಮಾಳಿಗೆಯನ್ನು ತೋರಿಸಿದರು. ಎದುರು ಮನೆಯವರು, ಪಕ್ಕದ ಖಾಲಿ ನಿವೇಶನದಲ್ಲಿ ನಿಲ್ಲಿಸಿ ಟಾರ್ಪಾಲು ಕಟ್ಟಿಬಿಡಿ, ನಾಲ್ಕು ತಿಂಗಳಿಗೆ ಏನಾದೀತು ಎಂದರು. ನಾಲ್ಕನೆಯದು ಚಳ್ಳಕೆರೆಯಿಂದ, ಅದನ್ನು ಆಮೇಲೆ ಹೇಳುತ್ತೇನೆ. ಇವುಗಳಲ್ಲಿ ಯಾವುದು ಮೇಲೆಂದು ತಿಳಿಯಲು ನಾನು ಇತಿಹಾಸದ ಮೊರೆ ಹೊಕ್ಕೆ. ಕಾರನ್ನು ‘ಸ್ವಲ್ಪ ದಿನಕ್ಕೆ’ ಎತ್ತಿಟ್ಟವರು ಲೋಕದಲ್ಲಿ ನಾನೊಬ್ಬನೇ ಅಲ್ಲವಷ್ಟೆ.

ಮೊದಲು ಶತ್ರುವಿನ ಗುರುತು ತಿಳಿಯಬೇಕು. ಕಬ್ಬಿಣ ತುಕ್ಕಾಗಲು ನೀರೂ ಬೇಕು, ಗಾಳಿಯೂ ಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ತುಕ್ಕು ಮುಂದುವರಿಯದು. ಇದಕ್ಕೆ ಮಾಜೋರ್ ಸರೋವರದ ಸ್ವಿಟ್ಜರ್ಲೆಂಡಿನ ಭಾಗದಲ್ಲಿ ಒಂದು ವಿಚಿತ್ರ ಸಾಕ್ಷಿ ಸಿಕ್ಕಿತು. ಸುಂಕದ ತಕರಾರಿನಲ್ಲಿ ಸಿಕ್ಕಿಬಿದ್ದ 1925ರ ಬುಗಾಟಿ ಕಾರೊಂದನ್ನು 1930ರ ದಶಕದಲ್ಲಿ ಸರಪಳಿ ಕಟ್ಟಿ ಆ ಸರೋವರಕ್ಕೆ ಇಳಿಬಿಟ್ಟಿದ್ದರು. ಬೇಕಾದಾಗ ಎಳೆದುಕೊಳ್ಳುವ ಉದ್ದೇಶವಿತ್ತೆಂದು ಪ್ರತೀತಿ. ಸರಪಳಿಯೇ ಸವೆದು ಕಡಿದು, ಕಾರು ತಳ ಸೇರಿತು. 2009ರಲ್ಲಿ ಮೇಲೆತ್ತಿದಾಗ ನೀರಿಗೆ ತೆರೆದಿದ್ದ ಮಗ್ಗುಲು ತಿಂದುಹೋಗಿತ್ತು; ಕೆಸರಿನಲ್ಲಿ ಹೂತಿದ್ದ ಮಗ್ಗುಲು ಎಷ್ಟೋ ಮಟ್ಟಿಗೆ ಉಳಿದಿತ್ತು. ಕೆಸರಿನೊಳಗೆ ಗಾಳಿಯಿರಲಿಲ್ಲ, ಅಷ್ಟೆ. ಇಂಥ ಮಠ ನಮ್ಮ ಫಿಯಟ್ಟಿಗೆ ಬೇಡ. ತತ್ತ್ವ ಮಾತ್ರ ಗಮನಿಸತಕ್ಕದ್ದು.

ಗಾಳಿಯನ್ನು ತಪ್ಪಿಸುವುದು ಕಷ್ಟವಾದ್ದರಿಂದ ತಪ್ಪಿಸಬೇಕಾದದ್ದು ನೀರನ್ನು. ನೀರೆಂದರೆ ಮಳೆಯೆಂದೇ ನಾವು ತಿಳಿಯುತ್ತೇವೆ. ಆದರೆ ಮಳೆ ಕಾರಿನ ಮೇಲೆ ಬೀಳುತ್ತದೆ, ಬಣ್ಣದ ಮೇಲೆ ಹರಿದು ಇಳಿಯುತ್ತದೆ, ಬಿಸಿಲು ಬಂದಾಗ ಆರುತ್ತದೆ. ಕೆಡುಕು ಮಾಡುವುದು ಕಣ್ಣಿಗೆ ಕಾಣದ ನೀರು. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ವರ್ನನ್ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟ. ಗಾಳಿ ತಾನು ಹಿಡಿಯಬಲ್ಲ ನೀರಿನಂಶದಲ್ಲಿ ಸುಮಾರು ನೂರಕ್ಕೆ 60ರಷ್ಟನ್ನು ಹೊತ್ತಿರುವವರೆಗೆ ಕಬ್ಬಿಣ ಬಹು ನಿಧಾನವಾಗಿ ಮಾತ್ರ ಕೆಡುತ್ತದೆ. ಆ ಗೆರೆ ದಾಟಿತೋ, ತುಕ್ಕಿನ ವೇಗ ಒಮ್ಮೆಗೇ ಏರುತ್ತದೆ. ಪಟ್ಟಣದ ಹೊಗೆ ಬೆರೆತ ಗಾಳಿಯಲ್ಲಂತೂ ಕೇಳುವುದೇ ಬೇಡ. ಬೆಂಗಳೂರಿನಲ್ಲಿ ಜುಲೈ, ಆಗಸ್ಟ್ ತಿಂಗಳ ಬೆಳಗಿನ ಗಾಳಿ ನೂರಕ್ಕೆ 80ನ್ನೂ ಮೀರಿ ತೇವ ಹೊತ್ತಿರುತ್ತದೆ. ಮಲೆನಾಡಿನ ಮಾತಂತೂ ಇನ್ನೂ ದೂರ. ಹನಿ ಮಳೆ ಸೋಕದ ಕೊಟ್ಟಿಗೆಯಲ್ಲಿಟ್ಟರೂ ಗಾಳಿಯೇ ಒದ್ದೆಯಾದರೆ ಮಾಡಿಗೇನು ಮಾಡಲಾದೀತು?

ಹಾಗೆಂದು ಮಲೆನಾಡಿನವರಿಗೆ ಈ ವಿದ್ಯೆ ಗೊತ್ತಿರಲಿಲ್ಲವೆಂದು ತಿಳಿಯಬಾರದು. ಅಲ್ಲಿನ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟ ಪದಾರ್ಥ ಮಳೆಗಾಲವೆಲ್ಲ ಒಣಗಿಯೇ ಇರುತ್ತಿತ್ತು. ಹೊಗೆಯೊಂದರ ಮಹಿಮೆಯಲ್ಲ ಅದು, ಬೆಚ್ಚನೆಯ ಮಹಿಮೆ. 20 ಡಿಗ್ರಿಯಲ್ಲಿ ನೂರಕ್ಕೆ 90ರಷ್ಟು ತೇವವಿರುವ ಗಾಳಿಯನ್ನು ಬರೇ 25 ಡಿಗ್ರಿಗೆ ಬೆಚ್ಚಗೆ ಮಾಡಿದರೆ, ಅದರೊಳಗಿನ ನೀರು ಒಂದು ತೊಟ್ಟೂ ಕಡಮೆಯಾಗದೆ, ಲೆಕ್ಕ 66ಕ್ಕೆ ಇಳಿಯುತ್ತದೆ. ಕಾರನ್ನು ಅಟ್ಟಕ್ಕೇರಿಸುವ ಹಾಗಿದ್ದಿದ್ದರೆ ಭಾವನವರ ಮನೆಯೇ ಸರಿಯಾಗುತ್ತಿತ್ತು.

ಟಾರ್ಪಾಲಿನ ಸಲಹೆ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು. ನೆಲದ ತೇವ ಹಗಲಿನ ಕಾವಿಗೆ ಆವಿಯಾಗಿ ಏಳುತ್ತದೆ, ಹೋಗಲು ದಾರಿಯಿಲ್ಲದೆ ಟಾರ್ಪಾಲಿನ ಒಳಮೈಗೆ ತಗಲಿ, ರಾತ್ರಿ ತಣ್ಣಗಾದಾಗ ಹನಿಯಾಗಿ ಕಾರಿನ ಮೇಲೇ ಇಳಿಯುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಾಗಿ ಗಾಳಿಗೆ ಟಾರ್ಪಾಲು ಅಲುಗಿದಾಗಲೆಲ್ಲ ಅದರಡಿಯ ಮರಳು ಕಣ ಬಣ್ಣವನ್ನು ಉಜ್ಜುತ್ತದೆ. ಮಳೆಯಲ್ಲಿ ಬರೀ ಮೈಯಲ್ಲಿ ನಿಂತ ಕಾರು ಇದಕ್ಕಿಂತ ಸುಖಿ.

ಈಗ ಯುದ್ಧಕಾಲದ ಇಂಗ್ಲೆಂಡಿಗೆ ಬರೋಣ. ಕಾರನ್ನು ತಾತ್ಕಾಲಿಕವಾಗಿ ಎತ್ತಿಡುವ ಕಲೆ ಇಡೀ ಒಂದು ದೇಶದ ಮನೆಗೆಲಸವಾದದ್ದು ಅಲ್ಲಿ. 1939ರಲ್ಲಿ ಆ ದೇಶದ ರಸ್ತೆಗಳಲ್ಲಿ ಸುಮಾರು 20 ಲಕ್ಷ ಖಾಸಗಿ ಕಾರುಗಳಿದ್ದವು. ಅದೇ ಸೆಪ್ಟೆಂಬರಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. 1942ರ ಜುಲೈ ಹೊತ್ತಿಗೆ ಸಾಮಾನ್ಯ ಜನರಿಗೆ ಸಿಗುತ್ತಿದ್ದ ಅಲ್ಪ ಪಡಿಯೂ ನಿಂತುಹೋಯಿತು. ವೈದ್ಯರೇ ಮೊದಲಾದ ಅಗತ್ಯ ಕೆಲಸದವರನ್ನು ಬಿಟ್ಟು ಮಿಕ್ಕವರ ಕಾರುಗಳೆಲ್ಲ ಷೆಡ್ಡಿನಲ್ಲಿ ಇಟ್ಟಿಗೆ, ಮರದ ದಿಮ್ಮಿಗಳ ಮೇಲೆ ಕೂತವು. ಮಲಯ ಜಪಾನೀಯರ ವಶವಾಗಿ ರಬ್ಬರಿಗೆ ಬರ ಬಂದಿದ್ದರಿಂದ ಕಾರಿಗಿಂತ ಟಯರಿನ ಚಿಂತೆಯೇ ಹೆಚ್ಚು. ಚಕ್ರ ನೆಲ ಮುಟ್ಟದಂತೆ ಎತ್ತಿಡುತ್ತಿದ್ದುದು ಅದಕ್ಕೇ. ಬ್ಯಾಟರಿ ಬಿಚ್ಚುವುದು, ರೇಡಿಯೇಟರಿನ ನೀರು ಬಸಿಯುವುದು, ಹೊಳೆಯುವ ಲೋಹಕ್ಕೆ ಜಿಡ್ಡು ಸವರುವುದು, ಇವನ್ನೆಲ್ಲ ಮೋಟಾರು ಪತ್ರಿಕೆಗಳು ಪಾಠದಂತೆ ಅಚ್ಚುಮಾಡಿದವು. ನಮ್ಮಲ್ಲಿಯೂ 1941ರಲ್ಲಿ ಪೆಟ್ರೋಲ್ ಪಡಿತರ ಬಂತು. ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದ ಬಸ್ಸುಗಳ ಕಥೆಯನ್ನು ಹಿರಿಯರ ಬಾಯಲ್ಲಿ ಕೇಳದವರಾರು?

ಇಂಗ್ಲೆಂಡಿನವರು ಕೆಲವು ತಿಂಗಳಿಗೆಂದು ಇಟ್ಟದ್ದು ವರ್ಷಗಳವರೆಗೆ ಹೋಯಿತು. 1945ರ ಜೂನ್‌ನಲ್ಲಿ ಮತ್ತೆ ಸ್ವಲ್ಪ ಪೆಟ್ರೋಲು ಸಿಕ್ಕಿತು. ಹೊಸ ಕಾರುಗಳೋ, ಕಾರಖಾನೆಯಿಂದ ನೇರವಾಗಿ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿದ್ದವು. ಸ್ವದೇಶದವರು ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಯುದ್ಧಾನಂತರ ಇಂಗ್ಲೆಂಡಿನ ಸಂಸಾರಗಳು ಓಡಾಡಿದ್ದು ಬಹುಮಟ್ಟಿಗೆ ಷೆಡ್ಡಿನಿಂದ ಇಳಿಸಿದ ಹಳೆಯ ಕಾರುಗಳಲ್ಲಿಯೇ. ದಿಮ್ಮಿಯ ಮೇಲೆ ಕೂರಿಸುವ ಮುನ್ನ ಅರ್ಧ ದಿನ ಶ್ರಮಪಟ್ಟವನಿಗೂ ಬಾಗಿಲು ಹಾಕಿ ಸುಮ್ಮನೆ ಹೋದವನಿಗೂ ಇದ್ದ ಅಂತರ ಆ ದಿನ ಬಯಲಾಗಿರಬೇಕು.

ಅದೇ ಯುದ್ಧ ಮುಗಿದಾಗ ಅಮೆರಿಕದ ನೌಕಾಪಡೆಗೆ ಇಂಥದೇ ಸಮಸ್ಯೆ, ಆದರೆ ಭೀಮಾಕಾರದ್ದು. ನೂರಾರು ಹಡಗುಗಳಿಗೆ ಕೆಲಸವಿಲ್ಲ. ಮಾರುವಂತಿಲ್ಲ, ಒಡೆಯುವಂತಿಲ್ಲ, ನಾಳೆ ಬೇಕಾದಾವು. ಅವರು ಹಡಗಿಗೆ ಜಿಡ್ಡು ಮೆತ್ತುವುದನ್ನೇ ನೆಚ್ಚಿ ಕೂರಲಿಲ್ಲ. ಒಳಗಿನ ಕೋಣೆಗಳನ್ನು ಮುಚ್ಚಿ, ತೇವ ಹೀರುವ ಯಂತ್ರಗಳನ್ನು ಹಚ್ಚಿ, ಒಳಗಾಳಿಯ ತೇವವನ್ನು ನೂರಕ್ಕೆ 30ರ ಆಸುಪಾಸಿಗೆ ಇಳಿಸಿಟ್ಟರು. ವರ್ನನ್ನನ ಗೆರೆಯ ಅರ್ಧಕ್ಕೆ. ನ್ಯೂ ಜೆರ್ಸಿ ಎಂಬ ಯುದ್ಧನೌಕೆಯನ್ನು 1948ರಲ್ಲಿ ಹಾಗೆ ಮಲಗಿಸಿದರು. 1950ರಲ್ಲಿ ಕೊರಿಯಾ ಯುದ್ಧಕ್ಕೆ ಎಬ್ಬಿಸಿದರು. 1957ರಲ್ಲಿ ಮತ್ತೆ ಮಲಗಿಸಿ 1968ರಲ್ಲಿ ಎಬ್ಬಿಸಿದರು, 1969ರಲ್ಲಿ ಇನ್ನೊಮ್ಮೆ ಮಲಗಿಸಿ 1982ರಲ್ಲಿ ಇನ್ನೊಮ್ಮೆ. ಮೂರು ಸಲ ನಿದ್ರೆ, ಮೂರು ಸಲ ಎಚ್ಚರ! ಟಲ್ಸಾದ ಕಾರು ಮಣ್ಣಿಗಿಳಿದ ವರ್ಷವೂ 1957 ಎಂಬುದನ್ನು ನೋಡಿ. ಒಂದೇ ದೇಶ, ಒಂದೇ ವರ್ಷ. ಒಬ್ಬರು ನೀರಿನ ಮೇಲಿನ ವಸ್ತುವನ್ನು ಒಣಗಿಸಿಟ್ಟರು, ಇನ್ನೊಬ್ಬರು ನೆಲದ ಮೇಲಿನದನ್ನು ನೀರಿಗಿಟ್ಟರು.

ವಿಮಾನಗಳಿಗಂತೂ ಅವರು ಕಟ್ಟಡವನ್ನೇ ಕಟ್ಟಲಿಲ್ಲ. ಅರಿಜೋನದ ಟೂಸಾನ್ ಬಳಿಯ ಡೇವಿಸ್–ಮಾಂಥನ್ ವಾಯುನೆಲೆಯ ಬಯಲಿನಲ್ಲಿ 1946ರಿಂದ ಸಾಲುಸಾಲಾಗಿ ನಿಲ್ಲಿಸಿದರು. ಮರುಭೂಮಿಯ ಒಣ ಗಾಳಿ, ಅಪರೂಪದ ಮಳೆ, ಚಕ್ರ ಹೂತುಹೋಗದಷ್ಟು ಗಟ್ಟಿ ನೆಲ. ಬಿಸಿಲಿಗೆ ಗಾಜು, ರಬ್ಬರು ಹಾಳಾಗದಂತೆ ಬಿಳಿಯ ಲೇಪ ಕೊಟ್ಟರೆ ಸಾಕು. ಎಷ್ಟೋ ವಿಮಾನಗಳು ವರ್ಷಗಳ ಮೇಲೆ ಅಲ್ಲಿಂದಲೇ ಮತ್ತೆ ಹಾರಿವೆ. ಮಾಡು ಮುಖ್ಯವೋ ಊರು ಮುಖ್ಯವೋ ಎಂದರೆ, ಊರೇ ಮುಖ್ಯವೆಂದು ನನಗೆ ತೋರಿದ್ದು ಇಲ್ಲಿ.

ಆದರೂ ಮಾಡನ್ನು ಅಲ್ಲಗಳೆಯುವ ಹಾಗಿಲ್ಲ. ಪಶ್ಚಿಮ ಫ್ರಾನ್ಸಿನಲ್ಲಿ ರೋಜರ್ ಬೈಯೋನ್ ಎಂಬ ಲಾರಿ ಸಾಗಣೆಯ ಉದ್ಯಮಿ ಯುದ್ಧಾನಂತರ ಹಳೆಯ ಸೊಗಸಾದ ಕಾರುಗಳನ್ನು ಕೊಂಡು ತನ್ನ ಜಮೀನಿಗೆ ಸಾಗಿಸುತ್ತಿದ್ದ. ಎಲ್ಲವನ್ನೂ ದುರಸ್ತುಮಾಡಿ ಒಂದು ವಸ್ತುಸಂಗ್ರಹಾಲಯ ತೆರೆಯುವುದು ಅವನ ಕನಸು. ಅಲ್ಲಿಯವರೆಗೆ ಇರಲೆಂದು ಕಂಬ ನೆಟ್ಟು ತಗಡು ಹೊದಿಸಿದ, ಪಕ್ಕ ತೆರೆದ ಚಪ್ಪರಗಳು. 1970ರ ದಶಕದಲ್ಲಿ ವ್ಯಾಪಾರ ಕುಸಿಯಿತು, ಕೆಲವು ಕಾರುಗಳು ಮಾರಾಟವಾದವು, ಮಿಕ್ಕವು ಚಪ್ಪರದಡಿಯಲ್ಲೇ ಉಳಿದವು. 2014ರಲ್ಲಿ ಹರಾಜಿನ ಸಂಸ್ಥೆಯವರು ಹೋಗಿ ನೋಡಿದಾಗ ಬಳ್ಳಿ ಹಬ್ಬಿ, ತಗಡು ಜಾರಿ, ಅನೇಕ ಕಾರುಗಳು ಬರೀ ಅಸ್ಥಿಪಂಜರವಾಗಿದ್ದವು. ಅಲ್ಲೇ ಗೋಡೆ ಬಾಗಿಲುಗಳಿದ್ದ ಒಂದು ಕೋಣೆಯಲ್ಲಿ, ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ, ಒಂದು ಫೆರಾರಿ ಸಿಕ್ಕಿತು; ಪ್ರಸಿದ್ಧ ನಟ ಅಲೇನ್ ದೆಲೋನ್ ಒಂದು ಕಾಲಕ್ಕೆ ಓಡಿಸುತ್ತಿದ್ದದ್ದು. ಧೂಳು ಹಿಡಿದಿತ್ತೇ ಹೊರತು ಹಾಳಾಗಿರಲಿಲ್ಲ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಆ 59 ಕಾರುಗಳಿಗೆ ಒಟ್ಟು ಸುಮಾರು 2.5 ಕೋಟಿ ಯೂರೋ ಬಂತು; ಅದರಲ್ಲಿ 1.6 ಕೋಟಿಗೂ ಮಿಕ್ಕಿ ಆ ಫೆರಾರಿ ಒಂದರದೇ. ಅದು ಅಪರೂಪದ ಜಾತಿಯದೆಂಬುದು ನಿಜ. ಆದರೆ ಚಪ್ಪರದ ಅಂಚಿನಲ್ಲಿ ನಿಲ್ಲಿಸಿದ್ದರೆ? ಬೈಯೋನನ ಬಗ್ಗೆ ನನಗೆ ಸಿಟ್ಟು ಬರುವುದಿಲ್ಲ. ಕೊಂಡು ತರದೆಯೇ ಇದ್ದಿದ್ದರೆ ಅವುಗಳಲ್ಲಿ ಎಷ್ಟೋ ಗುಜರಿಗೆ ಹೋಗುತ್ತಿದ್ದವು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಒಂದು ಆಯುಷ್ಯವೇ ಕಳೆದುಹೋಯಿತು, ಪಾಪ.

ಇವೆಲ್ಲವನ್ನೂ ಓದಿಕೊಂಡು ಒಂದು ದಿನ ನಮ್ಮ ಫಿಯಟ್ಟಿನ ಮೇಸ್ತ್ರಿಯನ್ನು ಕಂಡೆ. ಮೂವತ್ತು ವರ್ಷದಿಂದ ಅದರ ನಾಡಿ ಬಲ್ಲ ಮನುಷ್ಯ.

“ಕಾರು ನಿಂತಲ್ಲೇ ಇದ್ದರೂ ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿಸ್ಲಾ?” ಎಂದೆ. ನಮ್ಮಲ್ಲಿ ಎಲ್ಲರೂ ಕೊಡುವ ಸಲಹೆ ಅದು.

“ಅದೊಂದು ಬೇಡಿ ಸಾರ್. ಸೈಲೆನ್ಸರು ಒಳಗಿಂದ ತೂತು ಬೀಳೋದೇ ಅದರಿಂದ. ಬಿಟ್ರೆ ಪೂರಾ ಬಿಟ್ಬಿಡಿ, ಓಡಿಸಿದ್ರೆ ಹದಿನೈದು ಮೈಲಿ ಓಡಿಸಿ.”

ಮೇಸ್ತ್ರಿ ಹೇಳಿದ್ದಕ್ಕೆ ರಸಾಯನಶಾಸ್ತ್ರದ ಆಧಾರವಿದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಓಡಿ ಕಾದ ಎಂಜಿನ್ನು ಅದನ್ನು ಆವಿಯಾಗಿ ಹೊರಕ್ಕೆ ತಳ್ಳುತ್ತದೆ. ಐದು ನಿಮಿಷ ಗುರುಗುಟ್ಟಿ ನಿಂತ ಎಂಜಿನ್ನು ಅದನ್ನು ತನ್ನ ಎಣ್ಣೆಯಲ್ಲಿಯೂ ಹೊಗೆಕೊಳವೆಯಲ್ಲಿಯೂ ಉಳಿಸಿಕೊಳ್ಳುತ್ತದೆ. ಇನ್ನೊಂದು ಮಾತನ್ನೂ ಅವನು ಹೇಳಿದ. ಫಿಯಟ್ಟಿಗೆ ಹಳೆಯ ಕಾಲದ ಕಾರುಗಳಂತೆ ದಪ್ಪ ಉಕ್ಕಿನ ಬೇರೆ ಚೌಕಟ್ಟಿಲ್ಲ. ಅದರ ಮೈ ತಗಡೇ ಅದರ ಎಲುಬು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪೆಟ್ಟಿಗೆಗಳು ಒಳಗಿನಿಂದ ತುಕ್ಕು ಹಿಡಿದರೆ ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ, ಕಾರು ಮಾತ್ರ ನಡು ಮುರಿದುಕೊಂಡಿರುತ್ತದೆ. ಅಡಿಯಲ್ಲಿ ನೀರು ಬಸಿಯಲೆಂದು ಬಿಟ್ಟಿರುವ ಸಣ್ಣ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿಕೊಳ್ಳಬೇಕು, ಒಳಗೆ ಎಣ್ಣೆ ಚಿಮ್ಮಿಸಬೇಕು. ಮೇಣ ತಿಕ್ಕಿ ಮೈ ಹೊಳೆಯಿಸುವುದಕ್ಕಿಂತ ಇದು ಮೊದಲು.

ಇಂಗ್ಲೆಂಡಿನ ಹಳೆಯ ಪಾಠದಲ್ಲಿ ಒಂದನ್ನು ಮಾತ್ರ ನಾವು ಹಾಗೆಯೇ ಒಪ್ಪುವಂತಿಲ್ಲ. ಟ್ಯಾಂಕನ್ನು ತುಂಬಿಸಿಟ್ಟರೆ ಒಳಗೆ ಗಾಳಿಗೆ ಜಾಗವಿಲ್ಲದೆ ಬೆವರು ಕೂರದು ಎಂಬುದು ಆಗಿನ ಮಾತು. ಈಗ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ತಾನೇ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಹಳೆಯ ಕಾರಿಗೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಬಸಿದುಬಿಡುವುದೇ ಮೇಲೆಂದು ನನ್ನ ಅಭಿಪ್ರಾಯ. ಮೇಸ್ತ್ರಿಯೂ ತಲೆಯಾಡಿಸಿದ.

ಇನ್ನು ಚಳ್ಳಕೆರೆ. ನನ್ನ ಕಾಲೇಜಿನ ಸಹಪಾಠಿಯೊಬ್ಬರ ಮನೆತನದ ಎಣ್ಣೆ ಗಿರಣಿ ಅಲ್ಲಿದೆ. ಗಿರಣಿ ನಿಂತು ವರ್ಷಗಳಾದರೂ ಕಡಲೆಕಾಯಿ ತುಂಬುತ್ತಿದ್ದ ಗೋದಾಮು ಗಟ್ಟಿಯಾಗಿದೆ. ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಬೀಳುವ ಸೀಮೆಗಳಲ್ಲಿ ಅದೊಂದು. ಆಷಾಢದಲ್ಲಿ ತೀರ್ಥಹಳ್ಳಿ ನೆನೆದು ತೊಪ್ಪೆಯಾಗಿರುವಾಗ ಚಳ್ಳಕೆರೆಯಲ್ಲಿ ಒಣ ಗಾಳಿ ಬೀಸಿ ಧೂಳೇಳುತ್ತಿರುತ್ತದೆ. ಗೋದಾಮಿಗೆ ಕಲ್ಲುಹಾಸಿನ ನೆಲ, ಮಾಡಿನಡಿಯಲ್ಲಿ ಗಾಳಿ ಕಿಂಡಿಗಳು. ಭಾವನವರಿಗೆ ಬೇಜಾರಾಗದ ಹಾಗೆ ಹೇಳುವುದು ಸ್ವಲ್ಪ ಕಷ್ಟವಾಯಿತು. “ನಮ್ಮ ಕೊಟ್ಟಿಗೆಯಲ್ಲಿ ಏನು ಸೋರುತ್ತದೆಯೇ?” ಎಂದು ಕೇಳಿದರು. ಸೋರುವುದಿಲ್ಲ ಭಾವ, ಗಾಳಿಯದೇ ತೊಂದರೆ ಎಂದರೆ ನಕ್ಕರು. ನೆಲಮಾಳಿಗೆಯ ಸ್ನೇಹಿತರಿಗೆ ಟಲ್ಸಾದ ಕಥೆ ಹೇಳಿದೆ; ಅಷ್ಟು ಸಾಕಾಯಿತು.

ಹೋಗುವ ದಾರಿಯೂ ಅನುಕೂಲದ್ದೇ. ತುಮಕೂರು, ಸಿರಾ, ಹಿರಿಯೂರಿನ ಮೇಲೆ ಸುಮಾರು 200 ಕಿಲೋಮೀಟರು. ಅಷ್ಟು ಓಡಿದರೆ ಎಂಜಿನ್ನಿನ ಮೂಲೆಮೂಲೆಯ ತೇವವೂ ಆರಿಹೋಗುತ್ತದೆ. ಅಲ್ಲಿ ತಲಪಿದೊಡನೆ ಕಾವಾರುವ ಮುನ್ನ ಹಳೆಯ ಎಣ್ಣೆ ಬಸಿದು ಹೊಸದು ತುಂಬುವುದು, ಬ್ಯಾಟರಿ ಬಿಚ್ಚುವುದು, ಚಕ್ರಗಳ ಕೆಳಗೆ ಹಲಗೆ ಕೊಟ್ಟು ಎತ್ತಿಡುವುದು. ಕೈಬ್ರೇಕನ್ನು ಎಳೆಯದೆ ಬಿಡಬೇಕು. ಇಲ್ಲದಿದ್ದರೆ ಅದು ತಿಂಗಳಲ್ಲಿ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಹೊದಿಸಲು ಹಳೆಯ ಹತ್ತಿಯ ದುಪ್ಪಟಿಗಳನ್ನು ನನ್ನಾಕೆ ಹೊಲಿದು ಕೂಡಿಸಿದ್ದಾಳೆ. ತೇವ ನಿಲ್ಲಿಸದೆ ಧೂಳು ತಡೆಯಲು ಅದಕ್ಕಿಂತ ಬೇರೆ ಬೇಡ. ಕಿಟಕಿಗಳನ್ನು ಒಂದು ಬೆರಳಗಲ ಇಳಿಸಿಡಬೇಕೆಂದಿದ್ದೆ. ಆದರೆ ಗೋದಾಮಿನಲ್ಲಿ ಕಡಲೆಕಾಯಿ ಹೋದ ಮೇಲೂ ಇಲಿಗಳು ಊರು ಬಿಟ್ಟಿಲ್ಲವೆಂದು ಸಹಪಾಠಿಯಿಂದ ಸುದ್ದಿ ಬಂದಿದೆ. ಗಾದಿ, ತಂತಿ ಎರಡೂ ಅವಕ್ಕೆ ಪ್ರಿಯ. ಕಿಟಕಿಯ ಸಂದಿಗೆ ಸಣ್ಣ ಕಣ್ಣಿನ ತಂತಿಬಲೆ ಬಿಗಿಯುವುದಕ್ಕೂ, ಹೊಗೆಕೊಳವೆಯ ಬಾಯಿಗೆ ಅದನ್ನೇ ಕಟ್ಟುವುದಕ್ಕೂ ಮೇಸ್ತ್ರಿಗೆ ಹೇಳಿದ್ದೇನೆ. ಗಿರಣಿಯ ಕಾವಲುಗಾರನಲ್ಲಿ ಒಂದು ಬೆಕ್ಕೂ ಇದೆಯಂತೆ. ಅದರ ಹಾಲಿನ ಲೆಕ್ಕವನ್ನು ನಾಲ್ಕು ತಿಂಗಳು ನಾನು ಕೊಡುವುದೆಂದು ಒಪ್ಪಂದವಾಗಿದೆ.